‘ಪ್ರಬುದ್ಧ ಕರ್ಣಾಟಕ’ದ ಕೃಷ್ಣಶಾಸ್ತ್ರಿಗಳು

1919ನೇ ಇಸವಿಯಲ್ಲಿ ಕರ್ನಾಟಕ ಎಂಬ ಹೆಸರಿನ ರಾಜ್ಯ ಇರಲಿಲ್ಲ. ಕನ್ನಡಿಗರು ಮೈಸೂರು ಸಂಸ್ಥಾನದಲ್ಲಿದ್ದರು, ಮುಂಬಯಿ ಪ್ರಾಂತದಲ್ಲಿದ್ದರು, ನಿಜಾಮನ ಹೈದರಾಬಾದಿನಲ್ಲಿದ್ದರು, ಕೊಡಗಿನಲ್ಲಿದ್ದರು, ಇನ್ನೂ ಹಲವು ಸಣ್ಣಪುಟ್ಟ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ನಮ್ಮ ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅಂಥ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕರೊಬ್ಬರು ಒಂದು ತ್ರೈಮಾಸಿಕ ಪತ್ರಿಕೆಯನ್ನು ಹೊರಡಿಸಿದರು. ಅದರ ಹೆಸರು ‘ಪ್ರಬುದ್ಧ ಕರ್ಣಾಟಕ’. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಐವತ್ತನಾಲ್ಕು ವರ್ಷ ಮುಂಚೆಯೇ ಒಂದು ಪತ್ರಿಕೆ ಆ ಹೆಸರನ್ನು ಹೊತ್ತು ಮನೆಮನೆಗೆ ಅಂಚೆಯಲ್ಲಿ ಹೋಗುತ್ತಿತ್ತು.

ಆ ಅಧ್ಯಾಪಕರೇ ಅಂಬಳೆ ರಾಮಕೃಷ್ಣ ಕೃಷ್ಣಶಾಸ್ತ್ರಿಗಳು. ‘ವಚನ ಭಾರತ’ದ ಎ. ಆರ್. ಕೃಷ್ಣಶಾಸ್ತ್ರಿಗಳೆಂದರೆ ಹಳೆಯ ತಲೆಮಾರಿನ ಓದುಗರಿಗೆಲ್ಲ ಪರಿಚಿತರು. ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ಆ ಪುಸ್ತಕ ಇಂದಿಗೂ ಇದೆ. ಆದರೆ ಅವರು ಕನ್ನಡಕ್ಕೆ ಮಾಡಿದ ಮೊದಲ ಉಪಕಾರ ಆ ಗ್ರಂಥವಲ್ಲ, ಈ ಪತ್ರಿಕೆ. ಗ್ರಂಥ ಬರೆದವರನ್ನು ಜನ ನೆನೆಯುತ್ತಾರೆ. ಇತರರ ಲೇಖನಗಳನ್ನು ತಿದ್ದಿ ಅಚ್ಚು ಹಾಕಿಸಿದವರನ್ನು ಬೇಗ ಮರೆಯುತ್ತಾರೆ. ಅಂಥ ಮರೆವು ಆಗಬಾರದೆಂಬ ಕಾರಣದಿಂದ ಅವರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದೆ.

ಕೃಷ್ಣಶಾಸ್ತ್ರಿಗಳು ಹುಟ್ಟಿದ್ದು ಮೈಸೂರಿನಲ್ಲಿ, 1890ರ ಫೆಬ್ರವರಿ 12ರಂದು. ಅದೇ ವರ್ಷ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು ಎಂಬುದನ್ನು ನೆನೆದರೆ ಕಾಲದ ಗಾಳಿ ಯಾವ ಕಡೆ ಬೀಸುತ್ತಿತ್ತೆಂಬುದು ತಿಳಿಯುತ್ತದೆ. ತಂದೆ ರಾಮಕೃಷ್ಣಶಾಸ್ತ್ರಿಗಳು ವ್ಯಾಕರಣದಲ್ಲಿ ಪಂಡಿತರು. ಮನೆಯಲ್ಲಿ ಸಂಸ್ಕೃತದ ವಾತಾವರಣ. ತಾಯಿ ಶಂಕರಮ್ಮನವರು ಮಗ ಇನ್ನೂ ಚಿಕ್ಕವನಿರುವಾಗಲೇ ಪ್ಲೇಗಿಗೆ ಬಲಿಯಾದರು. ಆ ಕಾಲದಲ್ಲಿ ಪ್ಲೇಗು ಮೈಸೂರು, ಬೆಂಗಳೂರುಗಳ ಎಷ್ಟೋ ಸಂಸಾರಗಳನ್ನು ಮುರಿದಿತ್ತು. ತಾಯಿಯಿಲ್ಲದ ಹುಡುಗ ವ್ಯಾಕರಣದ ಶಿಸ್ತಿನಲ್ಲಿ ಬೆಳೆದ. ಶಬ್ದವನ್ನು ತೂಗಿ ನೋಡುವ ಅಭ್ಯಾಸ, ತಪ್ಪನ್ನು ಸಹಿಸದ ಸ್ವಭಾವ ಎರಡೂ ಆ ಮನೆಯಿಂದಲೇ ಬಂದುವೆನ್ನಬೇಕು.

ಮಹಾರಾಜ ಕಾಲೇಜಿನಲ್ಲಿ ಬಿ. ಎ. ಮುಗಿಸಿದ ಮೇಲೆ ಅವರು ಸ್ವಲ್ಪ ಕಾಲ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸರಕಾರಿ ಕಚೇರಿಯ ಗುಮಾಸ್ತಿಕೆ ಆಗಿನ ಕಾಲದಲ್ಲಿ ಭದ್ರವಾದ ಬದುಕು. ಅದರಲ್ಲೇ ಮುಂದುವರಿದಿದ್ದರೆ ಅವರ ಸಂಸಾರಕ್ಕೆ ನಷ್ಟವೇನೂ ಆಗುತ್ತಿರಲಿಲ್ಲ, ಕನ್ನಡಕ್ಕೆ ಮಾತ್ರ ಆಗುತ್ತಿತ್ತು. ಅವರು ಕಚೇರಿಯನ್ನು ಬಿಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡ ಕಲಿಸಲು ಸೇರಿದರು. ಮದರಾಸು ವಿಶ್ವವಿದ್ಯಾನಿಲಯದ ಎಂ. ಎ. ಪದವಿಯನ್ನೂ ಪಡೆದರು. ಮುಂದೆ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಸಂಶೋಧಕರಾಗಿ, ಅನಂತರ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿ ಕೆಲಸ ಮಾಡಿದರು.

ಆ ಕಾಲದ ಕಾಲೇಜುಗಳಲ್ಲಿ ಕನ್ನಡದ ಸ್ಥಿತಿ ಹೇಗಿತ್ತೆಂಬುದನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಕಲಿಸುವವರಿಗೆ ಇತರ ಪ್ರಾಧ್ಯಾಪಕರಿಗಿದ್ದ ಗೌರವವಾಗಲಿ ಸಂಬಳವಾಗಲಿ ಇರಲಿಲ್ಲ. ಓದಿದವರು ಮನೆಯಲ್ಲಿ ಕನ್ನಡ, ಸಭೆಯಲ್ಲಿ ಇಂಗ್ಲಿಷು ಎಂಬ ಏರ್ಪಾಡಿಗೆ ಒಗ್ಗಿಹೋಗಿದ್ದರು. ಕನ್ನಡದಲ್ಲಿ ಕಥೆ ಹೇಳಬಹುದು, ಹಾಡು ಕಟ್ಟಬಹುದು, ಶಾಸ್ತ್ರವಿಚಾರ ಮಾತ್ರ ಸಾಧ್ಯವಿಲ್ಲ ಎಂಬ ಭಾವನೆ ಬೇರೂರಿತ್ತು.

ಇನ್ನೊಂದು ವಿಚಿತ್ರವೂ ಇತ್ತು. ಕನ್ನಡ ಸಾಹಿತ್ಯವನ್ನು ಕುರಿತ ಸಂಶೋಧನೆಯೇ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. 1872ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ‘ಇಂಡಿಯನ್ ಆಂಟಿಕ್ವರಿ’ಯಂಥ ಪತ್ರಿಕೆಗಳಲ್ಲಿ ಫ್ಲೀಟ್, ಕಿಟ್ಟೆಲ್ ಮೊದಲಾದವರು ಕನ್ನಡದ ಶಾಸನ, ಕಾವ್ಯ, ಲಾವಣಿಗಳ ಮೇಲೆ ಬರೆದರು. ಕೆ. ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಅಚ್ಚು ಹಾಕಿಸಿದಾಗ ಅದರ ಪೀಠಿಕೆ ಇಂಗ್ಲಿಷಿನಲ್ಲಿತ್ತು. ಇವರೆಲ್ಲರ ಋಣ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಕನ್ನಡದ ಮೊದಲ ಗ್ರಂಥದ ಕಾಲವನ್ನು ತಿಳಿಯಬೇಕಾದರೆ ಕನ್ನಡಿಗನು ಇಂಗ್ಲಿಷು ಕಲಿಯಬೇಕಿತ್ತು. ಹಳ್ಳಿಯ ಶಾಲೆಯ ಪಂಡಿತರು, ತಾಳೆಗರಿಗಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದ ವಿದ್ವಾಂಸರು ಆ ಚರ್ಚೆಯಿಂದ ಹೊರಗೇ ಉಳಿದಿದ್ದರು. ಆರ್. ನರಸಿಂಹಾಚಾರ್ಯರು 1907ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು ಕನ್ನಡದಲ್ಲೇ ಹೊರತಂದು ಬಾಗಿಲು ತೆರೆದರು. ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿತು, ಮರುವರ್ಷ ಅದರ ಪತ್ರಿಕೆ ಬಂತು. ಬೆಳ್ಳಾವೆ ವೆಂಕಟನಾರಣಪ್ಪನವರು 1917ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿ, ಭೌತಶಾಸ್ತ್ರವನ್ನೂ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ಈ ಬೆಳ್ಳಾವೆಯವರೂ ಸೆಂಟ್ರಲ್ ಕಾಲೇಜಿನವರೇ.

ಇಂಥ ಹಿನ್ನೆಲೆಯಲ್ಲಿ ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನು ಕಟ್ಟಿದರು. ವಿದ್ಯಾರ್ಥಿಗಳೂ ಅಧ್ಯಾಪಕರೂ ಒಟ್ಟಿಗೆ ಕುಳಿತು ಕನ್ನಡದಲ್ಲಿ ಮಾತಾಡುವುದು, ಪ್ರಬಂಧ ಓದುವುದು ಸಂಘದ ಕೆಲಸ. ಆ ಸಂಘದ ಮುಖವಾಣಿಯಾಗಿ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಇಪ್ಪತ್ತೊಂಬತ್ತರ ಪ್ರಾಯದ ಅಧ್ಯಾಪಕರು ಸಂಪಾದಕರು.

ವಿದ್ವತ್ ಪತ್ರಿಕೆಯ ಸಂಪಾದಕತ್ವವೆಂದರೆ ಸುಖದ ಕೆಲಸವಲ್ಲ. ಚಂದಾದಾರರು ಬೆರಳೆಣಿಕೆ. ಲೇಖಕರನ್ನು ಹುಡುಕಿ ಕಾಡಿ ಬರೆಸಬೇಕು. ಕನ್ನಡದಲ್ಲಿ ಶಾಸ್ತ್ರವಿಷಯ ಬರೆದು ಅಭ್ಯಾಸವಿಲ್ಲದವರ ವಾಕ್ಯಗಳನ್ನು ನೇರ್ಪಡಿಸಬೇಕು, ಆಧಾರಗಳನ್ನು ಸರಿನೋಡಬೇಕು, ಕರಡಚ್ಚು ತಿದ್ದಬೇಕು. ವರ್ಷಕ್ಕೆ ನಾಲ್ಕು ಸಲ ಈ ಕೆಲಸ ಮಾಡುವವನಿಗೆ ತನ್ನ ಸ್ವಂತ ಪುಸ್ತಕಕ್ಕೆ ಸಮಯ ಉಳಿಯುವುದು ಕಡಿಮೆ. ಕೃಷ್ಣಶಾಸ್ತ್ರಿಗಳ ಹೆಸರನ್ನು ಊರೂರಿಗೆ ಒಯ್ದ ಗ್ರಂಥಗಳು ಬಂದದ್ದು ಅವರ ಅರುವತ್ತನೆಯ ವರ್ಷದ ಸುಮಾರಿಗೆ ಎಂಬುದನ್ನು ಗಮನಿಸಬೇಕು. ಹರೆಯದ ಶಕ್ತಿಯನ್ನು ಅವರು ಬೇರೆಯವರ ಬರವಣಿಗೆಗಾಗಿ ಖರ್ಚುಮಾಡಿದರು.

ಈ ಕೆಲಸದಲ್ಲಿ ಅವರಿಗೆ ಹೆಗಲೆಣೆಯಾಗಿ ನಿಂತವರು ಟಿ. ಎಸ್. ವೆಂಕಣ್ಣಯ್ಯನವರು. ಚಿತ್ರದುರ್ಗದ ಕಡೆಯ ತಳುಕಿನವರಾದ ವೆಂಕಣ್ಣಯ್ಯನವರು ಎತ್ತರದ ಆಳು, ಮೃದುಹೃದಯಿ. ಕೃಷ್ಣಶಾಸ್ತ್ರಿಗಳು ಶಿಸ್ತಿನವರು, ಮಾತಿನಲ್ಲೂ ಬರವಣಿಗೆಯಲ್ಲೂ ಹೆಚ್ಚುಕಮ್ಮಿಯನ್ನು ಒಪ್ಪದವರು. ಇಬ್ಬರನ್ನೂ ಜನ ಕನ್ನಡದ ಅಶ್ವಿನೀದೇವತೆಗಳೆಂದು ಕರೆಯುತ್ತಿದ್ದರು. ಇಬ್ಬರೂ ಬಂಗಾಳಿ ಕಲಿತರು, ಇಬ್ಬರೂ ಸೇರಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಕನ್ನಡಕ್ಕೆ ತಂದರು, ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದ ಸಂಗ್ರಹವನ್ನು ಸಿದ್ಧಪಡಿಸಿದರು. 1939ರಲ್ಲಿ ವೆಂಕಣ್ಣಯ್ಯನವರು ಅಕಾಲದಲ್ಲಿ ತೀರಿಕೊಂಡದ್ದು ಕೃಷ್ಣಶಾಸ್ತ್ರಿಗಳಿಗೆ ತುಂಬಲಾರದ ನಷ್ಟವಾಯಿತು.

ಪತ್ರಿಕೆಯಿಂದ ಆದ ಪ್ರಯೋಜನವೇನು? ಮೊದಲನೆಯದಾಗಿ, ಸಂಶೋಧನೆಗೆ ಬೇಕಾದ ಗದ್ಯವನ್ನು ಅದು ಬೆಳೆಸಿತು. ಕವಿಯ ಕಾಲ, ದೇಶ, ಮತ, ಪಾಠಾಂತರ, ಶಬ್ದನಿಷ್ಪತ್ತಿ ಇವುಗಳನ್ನು ಚರ್ಚಿಸಲು ಹಳಗನ್ನಡದ ಟೀಕೆಯ ಭಾಷೆ ಸಾಲದು, ಆಡುಮಾತೂ ಸಾಲದು. ಇವೆರಡರ ನಡುವೆ ಸ್ಪಷ್ಟವಾದ, ಅಲಂಕಾರವಿಲ್ಲದ ಒಂದು ಗದ್ಯ ಬೇಕಿತ್ತು. ಸಂಚಿಕೆಯಿಂದ ಸಂಚಿಕೆಗೆ ಅದು ರೂಪುಗೊಂಡಿತು. ಎರಡನೆಯದಾಗಿ, ಆಧಾರವಿಲ್ಲದೆ ಮಾತಾಡಬಾರದೆಂಬ ಕಟ್ಟುಪಾಡನ್ನು ಅದು ಕಲಿಸಿತು. ನಮ್ಮ ಕವಿ ದೊಡ್ಡವನು ಎಂದು ಹೇಳುವುದು ಸುಲಭ. ಶಾಸನವೇನು ಹೇಳುತ್ತದೆ, ಓಲೆಪ್ರತಿಯಲ್ಲಿ ಏನಿದೆ, ಹಿಂದಿನವರ ಹೇಳಿಕೆಯಲ್ಲಿ ತಪ್ಪೆಲ್ಲಿದೆ ಎಂದು ತೋರಿಸುವುದು ಕಷ್ಟ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುಂದಿನ ಸಂಚಿಕೆಯಲ್ಲಿ ಖಂಡಿಸಬಹುದು, ಮೊದಲಿನವರು ಒಪ್ಪಲೂಬಹುದು, ಮರುತ್ತರ ಕೊಡಲೂಬಹುದು. ಹೀಗೆ ಅಭಿಮಾನವನ್ನು ವಿಚಾರದ ಒರೆಗಲ್ಲಿಗೆ ಹಚ್ಚುವ ಪದ್ಧತಿ ಕನ್ನಡದಲ್ಲೇ ಬೆಳೆಯಿತು.

ಮೂರನೆಯದಾಗಿ, ಪತ್ರಿಕೆ ಹಳೆಯದನ್ನು ಮಾತ್ರ ಅಗೆಯುತ್ತ ಕೂರಲಿಲ್ಲ. ಸಂಶೋಧನ ಲೇಖನದ ಪಕ್ಕದಲ್ಲೇ ಹೊಸ ಕವಿತೆ, ಸಣ್ಣಕತೆ, ಗ್ರಂಥವಿಮರ್ಶೆಗಳಿಗೂ ಅಲ್ಲಿ ಜಾಗ ಸಿಕ್ಕಿತು. ಸ್ವತಃ ಕೃಷ್ಣಶಾಸ್ತ್ರಿಗಳು ‘ಶ್ರೀಪತಿ’ ಎಂಬ ಹೆಸರಿನಲ್ಲಿ ಕತೆ ಬರೆದವರು. ಹೀಗಾಗಿ ಹೊಸದಾಗಿ ಬರೆಯುವ ತರುಣನಿಗೆ ಪಂಪ, ರಾಘವಾಂಕರ ಪರಿಚಯವಾಯಿತು. ಹಳಗನ್ನಡದ ಪಂಡಿತರಿಗೆ ಹೊಸ ಕವಿತೆಯ ಪರಿಚಯವಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾದಾಗ ಅದಕ್ಕೆ ಬೇಕಾದ ಅಡಿಗಲ್ಲು ಸಿದ್ಧವಾಗಿತ್ತು. ಕುವೆಂಪು, ಡಿ. ಎಲ್. ನರಸಿಂಹಾಚಾರ್, ತೀ. ನಂ. ಶ್ರೀಕಂಠಯ್ಯ ಮೊದಲಾದವರ ತಲೆಮಾರು ವೆಂಕಣ್ಣಯ್ಯ, ಕೃಷ್ಣಶಾಸ್ತ್ರಿಗಳ ನೆರಳಿನಲ್ಲಿ ಬೆಳೆದದ್ದು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದಾರೆ. ಡಿ. ಎಲ್. ಎನ್. ಅವರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದ ‘ವಡ್ಡಾರಾಧನೆ’ ಗ್ರಂಥಸಂಪಾದನೆಗೆ ಮಾದರಿಯಾಯಿತು. ಒಂದು ಕಡೆ ಮಹಾಕಾವ್ಯ, ಇನ್ನೊಂದು ಕಡೆ ಶಾಸ್ತ್ರಶುದ್ಧ ಸಂಪಾದನೆ. ಎರಡಕ್ಕೂ ನೀರೆರೆದ ಕಾಲುವೆ ಒಂದೇ.

ಇಲ್ಲಿ ನಮ್ಮ ಮಂಜೇಶ್ವರದ ಮಾತು ಬರುತ್ತದೆ. ಗೋವಿಂದ ಪೈಗಳು ಯಾವ ವಿಶ್ವವಿದ್ಯಾನಿಲಯದಲ್ಲೂ ಅಧ್ಯಾಪಕರಾಗಿರಲಿಲ್ಲ. ತಂದೆಯವರ ಮರಣದಿಂದಾಗಿ ಅವರ ಬಿ. ಎ. ವ್ಯಾಸಂಗವೂ ಅರ್ಧಕ್ಕೆ ನಿಂತಿತ್ತು. ಕಡಲತೀರದ ಈ ಊರಿನಲ್ಲಿ ಕುಳಿತು, ಹತ್ತಾರು ಭಾಷೆಗಳ ಗ್ರಂಥಗಳನ್ನು ತರಿಸಿಕೊಂಡು, ಕವಿಗಳ ಕಾಲನಿರ್ಣಯ, ತುಳುನಾಡಿನ ಪ್ರಾಚೀನ ಚರಿತ್ರೆ ಮುಂತಾದ ವಿಷಯಗಳಲ್ಲಿ ಅವರು ನಡೆಸಿದ ಸಂಶೋಧನೆ ಕನ್ನಡ ನಾಡಿಗೆಲ್ಲ ತಲುಪಿದ್ದು ಪತ್ರಿಕೆಗಳ ಮೂಲಕ. ಆ ಪತ್ರಿಕೆಗಳಲ್ಲಿ ‘ಪ್ರಬುದ್ಧ ಕರ್ಣಾಟಕ’ವೂ ಒಂದು. ಮೈಸೂರು ಸಂಸ್ಥಾನದ ಪ್ರಜೆಯಲ್ಲದ, ಪದವಿಯಿಲ್ಲದ ಒಬ್ಬ ವಿದ್ವಾಂಸರ ಲೇಖನಕ್ಕೆ ಅಲ್ಲಿ ಜಾಗವಿತ್ತು. ಕೇಳುತ್ತಿದ್ದ ಪ್ರಶ್ನೆ ಒಂದೇ: ಆಧಾರ ಗಟ್ಟಿಯಾಗಿದೆಯೇ? ಬರೆದವರ ಊರು ಯಾವ ಪ್ರಾಂತದಲ್ಲಿದೆ ಎಂಬ ವಿಚಾರ ಅಡ್ಡ ಬರಲಿಲ್ಲ. ಆ ಪತ್ರಿಕೆಯ ಕರ್ಣಾಟಕ ಎಷ್ಟು ವಿಶಾಲವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೇರಳಕ್ಕೂ ಕೃಷ್ಣಶಾಸ್ತ್ರಿಗಳ ವಿದ್ವತ್ತಿಗೂ ಇನ್ನೊಂದು ನಂಟಿದೆ. ಕಾಳಿದಾಸನೇ ಹೊಗಳಿದ ಭಾಸನ ನಾಟಕಗಳು ಬಹಳ ಕಾಲ ಕಳೆದುಹೋದುವೆಂದೇ ಪಂಡಿತರು ತಿಳಿದಿದ್ದರು. ತಿರುವಾಂಕೂರಿನಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಗೆ ಮಲಯಾಳ ಲಿಪಿಯ ತಾಳೆಗರಿಗಳಲ್ಲಿ ಅವು ದೊರೆತವು. 1912ರಿಂದ ಮುಂದಕ್ಕೆ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಹದಿಮೂರು ನಾಟಕಗಳು ಅಚ್ಚಾದುವು. ಕೂಡಿಯಾಟ್ಟದ ಚಾಕ್ಯಾರರು ಇವುಗಳಲ್ಲಿ ಕೆಲವು ಅಂಕಗಳನ್ನು ರಂಗದ ಮೇಲೆ ಜೀವಂತವಾಗಿ ಉಳಿಸಿಕೊಂಡಿದ್ದರು. ಇವೆಲ್ಲ ನಿಜವಾಗಿಯೂ ಭಾಸನವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ವಾದವೆದ್ದಿತು. ಕೃಷ್ಣಶಾಸ್ತ್ರಿಗಳು ಆ ವಾದವನ್ನೂ ನಾಟಕಗಳ ಗುಣವನ್ನೂ ಕನ್ನಡದ ಓದುಗರಿಗೆ ತಿಳಿಯುವಂತೆ ‘ಭಾಸಕವಿ’ ಎಂಬ ಗ್ರಂಥ ಬರೆದರು; ಮುಂದೆ ‘ಸಂಸ್ಕೃತ ನಾಟಕ’ ಎಂಬ ದೊಡ್ಡ ಗ್ರಂಥವನ್ನೂ ಬರೆದರು. ಮಲಯಾಳ ಲಿಪಿ ಕಾಪಾಡಿಕೊಂಡು ಬಂದ ನಿಧಿ ಹೀಗೆ ಕನ್ನಡಕ್ಕೂ ಒದಗಿತು. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದು ನೆನಪಿನಲ್ಲಿಡತಕ್ಕ ಸಂಗತಿ. ನೆರೆಯ ಭಾಷೆ ನಮಗೆ ಶತ್ರುವಲ್ಲ, ನಮ್ಮ ಭಾಷೆಯಲ್ಲಿ ನಾವು ದುಡಿಯದಿರುವುದೇ ಶತ್ರು.

1941ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಹೈದರಾಬಾದಿನಲ್ಲಿ ಸೇರಿತು. ಅದರ ಅಧ್ಯಕ್ಷಪದವಿ ಕೃಷ್ಣಶಾಸ್ತ್ರಿಗಳಿಗೆ ಬಂತು. ಹೈದರಾಬಾದು ಆಗ ನಿಜಾಮನ ರಾಜಧಾನಿ. ಆಡಳಿತದ ಭಾಷೆ ಉರ್ದು, ಸುತ್ತಣ ಜನರ ಭಾಷೆ ತೆಲುಗು, ಕನ್ನಡಿಗರು ಅಲ್ಪಸಂಖ್ಯಾತರು. ಪತ್ರಿಕೆಯ ಹೆಸರಿನಲ್ಲಿ ಇಡೀ ಕರ್ಣಾಟಕವನ್ನು ಕಂಡವರಿಗೆ ಆ ಗೌರವ ಗಡಿಯಾಚೆಯ ನಗರದಲ್ಲೇ ದೊರೆತದ್ದು ಯೋಗ್ಯವಾಗಿಯೇ ಇತ್ತು. ಏಳು ವರ್ಷಗಳ ಅನಂತರ, 1948ರಲ್ಲಿ, ತಿ. ತಾ. ಶರ್ಮರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಮ್ಮ ಕಾಸರಗೋಡಿನಲ್ಲೂ ನಡೆಯಿತು. ಮತ್ತೆ ಎಂಟು ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು.

ನಿವೃತ್ತಿಯ ಅನಂತರ ಕೃಷ್ಣಶಾಸ್ತ್ರಿಗಳ ಲೇಖನಿ ಬೇರೆ ದಾರಿ ಹಿಡಿಯಿತು. ಪಂಡಿತರಿಗಾಗಿ ಬರೆದದ್ದು ಸಾಕು, ಇನ್ನು ಮನೆಮಂದಿಗಾಗಿ ಬರೆಯಬೇಕು ಎಂದುಕೊಂಡರೋ ಏನೋ ಎಂಬಂತೆ 1950ರಲ್ಲಿ ‘ವಚನ ಭಾರತ’ ಹೊರಬಂತು. ವ್ಯಾಸಭಾರತದ ಕಥೆಯನ್ನು ಆರಂಭದಿಂದ ಕೊನೆಯ ತನಕ ತಿಳಿಗನ್ನಡದಲ್ಲಿ ಹೇಳಿದ ಗ್ರಂಥವದು. ಶಾಲೆಯ ಹುಡುಗನೂ ಓದಬಹುದು, ಅಜ್ಜಿಗೆ ಓದಿ ಹೇಳಲೂಬಹುದು. ತಾಳಮದ್ದಲೆಯ ಪ್ರಸಂಗಗಳನ್ನು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಕರ್ಣ, ಭೀಷ್ಮ, ಸುಯೋಧನರು ಹೊಸಬರಲ್ಲ. ಆದರೆ ಯಾವುದು ಪ್ರಸಂಗಕರ್ತನ ಕಲ್ಪನೆ, ಯಾವುದು ವ್ಯಾಸರ ಮೂಲ ಎಂದು ನೋಡಬೇಕೆಂದಾಗ ಕೈಗೆಟಕುವ ಪುಸ್ತಕ ಅದೇ. ಸೋಮದೇವನ ‘ಕಥಾಸರಿತ್ಸಾಗರ’ದಿಂದ ಆಯ್ದ ಕಥೆಗಳು ‘ಕಥಾಮೃತ’ವಾಗಿ ಬಂದುವು. ಅವರ ಈ ಗದ್ಯದ ಸರಳತೆ ಸುಮ್ಮನೆ ಬಂದದ್ದಲ್ಲ. ವರ್ಷಗಟ್ಟಲೆ ಬೇರೆಯವರ ವಾಕ್ಯಗಳನ್ನು ತಿದ್ದಿದ ಕೈ ಯಾವ ಶಬ್ದ ಬೇಡ ಎಂಬುದನ್ನು ಚೆನ್ನಾಗಿ ತಿಳಿದಿತ್ತು.

ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರರ ಮೇಲೆ ಅವರು ಬರೆದ ವಿಮರ್ಶಾಗ್ರಂಥಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಬಂಕಿಮರೂ ‘ವಂಗದರ್ಶನ’ವೆಂಬ ಪತ್ರಿಕೆಯನ್ನು 1872ರಲ್ಲಿ ಆರಂಭಿಸಿ ಬಂಗಾಳದ ವಿದ್ಯಾವಂತರನ್ನು ಮಾತೃಭಾಷೆಯತ್ತ ತಿರುಗಿಸಿದವರು. ಒಬ್ಬ ಪತ್ರಿಕಾಸಂಪಾದಕ ಇನ್ನೊಬ್ಬ ಪತ್ರಿಕಾಸಂಪಾದಕನನ್ನು ಅರ್ಥಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. 1968ರಲ್ಲಿ ಕೃಷ್ಣಶಾಸ್ತ್ರಿಗಳು ಕಾಲವಾದರು.

ಅವರ ಪತ್ರಿಕೆ ಅವರೊಡನೆ ಮುಗಿಯಲಿಲ್ಲ. ಕಾಲೇಜಿನ ಸಂಘವೊಂದು ಹುಟ್ಟಿಸಿದ ಕೂಸನ್ನು ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡು ದಶಕಗಳ ಕಾಲ ಸಾಕಿತು. ಸೆಂಟ್ರಲ್ ಕಾಲೇಜಿನ ಸಂಘದ ಮಾದರಿಯಲ್ಲಿ ಬೇರೆ ಕಾಲೇಜುಗಳಲ್ಲೂ ಕನ್ನಡ ಸಂಘಗಳು ಎದ್ದುವು.

ವಿದ್ವತ್ ಪತ್ರಿಕೆಯನ್ನು ಓದುವವರು ಕೆಲವೇ ಮಂದಿ, ಅದರಿಂದ ಜನಸಾಮಾನ್ಯರಿಗೇನು ಲಾಭ ಎಂದು ಕೇಳುವವರುಂಟು. ಅದರ ಫಲ ನೇರವಾಗಿ ಬರುವುದಿಲ್ಲ. ಪತ್ರಿಕೆಯ ಚರ್ಚೆ ಗ್ರಂಥದ ಪೀಠಿಕೆಗೆ ಇಳಿಯುತ್ತದೆ, ಪೀಠಿಕೆಯಿಂದ ಕಾಲೇಜಿನ ಪಾಠಕ್ಕೆ, ಪಾಠ ಕೇಳಿದವನು ಅಧ್ಯಾಪಕನಾದಾಗ ಹಳ್ಳಿಯ ಶಾಲೆಗೆ. ಪಂಪನು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದನೆಂದು ನಮ್ಮ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಬರೆಯುವಾಗ, ಆ ಒಂದು ಸಾಲಿನ ಹಿಂದೆ ಎಷ್ಟು ಮಂದಿಯ ದುಡಿಮೆ, ಎಷ್ಟು ವಾದವಿವಾದ ಇದೆ ಎಂಬುದು ಅವಳಿಗೆ ತಿಳಿದಿರುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ. ಆದರೆ ಅವಳಿಗೆ ಕಲಿಸುವ ನಮಗೆ ತಿಳಿದಿರಬೇಕು.

1957ರಿಂದ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಇದೆ, ಅಲ್ಲಿ ಕನ್ನಡ ವಿಭಾಗವಿದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಕಾಲೇಜೂ ಇದೆ. ಇಲ್ಲಿನ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಯಾರೂ ಬಿಚ್ಚಿ ನೋಡದ ಕಾಗದಪತ್ರ, ಕಡತ, ಓಲೆಗಳು ಇದ್ದಾವು. ಶಾಲೆಯಲ್ಲಿ ಕನ್ನಡ ಅಧ್ಯಾಪಕರ ನೇಮಕಕ್ಕಾಗಿ, ಕಚೇರಿಯ ಅರ್ಜಿಯಲ್ಲಿ ಕನ್ನಡಕ್ಕಾಗಿ ನಾವು ಹೋರಾಡುತ್ತೇವೆ, ಅದು ನ್ಯಾಯವೇ. ಅದರ ಜೊತೆಗೆ ಕನ್ನಡದಲ್ಲಿ ಕಷ್ಟಪಟ್ಟು ಮಾಡಬೇಕಾದ ಕೆಲಸವೂ ಒಂದಿದೆಯೆಂಬುದನ್ನು ಕೃಷ್ಣಶಾಸ್ತ್ರಿಗಳ ಜೀವನ ನೆನಪಿಸುತ್ತದೆ. ರಾಜ್ಯದ ಗಡಿಯನ್ನು ಸರಕಾರ ಹಾಕುತ್ತದೆ. 1919ರಲ್ಲಿ ಆ ಪತ್ರಿಕೆ ಗುರುತಿಸಿದ ಕರ್ಣಾಟಕಕ್ಕೆ ಅಂಥ ಗಡಿ ಇರಲಿಲ್ಲ. ಅದರೊಳಗೆ ಅಂದು ಮಂಜೇಶ್ವರವಿತ್ತು. ಮುಂದೆಯೂ ಅಲ್ಲಿ ಉಳಿಯುವುದು ಬಿಡುವುದು ಇಲ್ಲಿಂದ ಯಾರು ಏನು ಬರೆಯುತ್ತಾರೆ ಎಂಬುದನ್ನು ಹೊಂದಿಕೊಂಡಿದೆ.